ನೀರು ತಿಳಿಯಾಗಿದೆ, ಮೀನಿಗ್ಯಾಕೆ ಏದುಸಿರು?

ಹೊಸ ಅಕ್ವೇರಿಯಂ ಮನೆಗೆ ಬಂದು ಎರಡು ಮೂರು ವಾರ ಆಗಿರುತ್ತೆ. ನೀರು ತಿಳಿಯಾಗಿದೆ, ಫಿಲ್ಟರ್ ಓಡ್ತಿದೆ. ಆದ್ರೂ ಮೀನು ಮೇಲಕ್ಕೆ ಬಂದು ಬಾಯಿ ತೆರೆದು ಒದ್ದಾಡ್ತಿದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಮಾತ್ರ 2 ಪಿಪಿಎಂ. ನಮ್ಮ ಆಫೀಸಿನಲ್ಲೇ ಇಬ್ಬರು ಹೀಗಾದಾಗ "ಎಲ್ಲಾ ಖಾಲಿ ಮಾಡಿ ತೊಳೆದುಬಿಡ್ಲಾ?" ಅಂತ ಕೇಳಿದ್ರು. ದಯವಿಟ್ಟು ಬೇಡ. ಅದೊಂದನ್ನು ಬಿಟ್ಟು ಬೇರೆ ಏನಾದ್ರೂ ಮಾಡಿ.

ಮೀನಿನ ಹಿಕ್ಕೆ, ತಿನ್ನದೆ ಉಳಿದ ಆಹಾರ, ಎಲ್ಲಾ ಸೇರಿ ಅಮೋನಿಯಾ ಆಗುತ್ತೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ. ಇನ್ನೊಂದು ಗುಂಪು, ಮುಖ್ಯವಾಗಿ ನೈಟ್ರೋಸ್ಪೈರಾ, ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತೆ. ಈ ಎರಡನೆಯವರು ತಡವಾಗಿ ಬರ್ತಾರೆ, ನಿಧಾನವಾಗಿ ಬೆಳೀತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಮೊದಲ ಸರ್ವಿಸ್ ಲೈವ್ ಆಗಿದೆ, ಎರಡನೆಯದು ಇನ್ನೂ ಡೆಪ್ಲಾಯ್ ಆಗಿಲ್ಲ, ಕ್ಯೂ ತುಂಬ್ತಾನೇ ಇದೆ. ಪೂರ್ತಿ ಸರಿಹೋಗೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. "ಇವತ್ತು ನೀರು ತುಂಬಿಸಿ, ನಾಳೆ ಮೀನು ಬಿಡಿ" ಅನ್ನೋ ಅಂಗಡಿಯವರು ಇದನ್ನು ಹೇಳೋದೇ ಇಲ್ಲ.

ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಹೋಗಿ ಹಿಮೋಗ್ಲೋಬಿನ್ ಅನ್ನು ಕೆಡಿಸುತ್ತೆ. ಕೆಟ್ಟ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದು. ರಕ್ತ ಕಂದು ಬಣ್ಣಕ್ಕೆ ತಿರುಗುತ್ತೆ. ಅಂದ್ರೆ ನೀರಿನಲ್ಲಿ ಆಮ್ಲಜನಕ ಇದ್ರೂ ಮೀನಿಗೆ ಉಸಿರುಕಟ್ಟುತ್ತೆ.

ಹಾಗಾಗಿ ಇವತ್ತೇ ಅರ್ಧ ನೀರು ಬದಲಿಸಿ. 2 ಇದ್ದದ್ದು 1ಕ್ಕೆ ಇಳಿಯುತ್ತೆ. ನಾಳೆ ಟೆಸ್ಟ್ ಮಾಡಿ, ಜಾಸ್ತಿ ಇದ್ರೆ ಮತ್ತೆ ಬದಲಿಸಿ. ನಲ್ಲಿ ನೀರಿಗೆ ಆಂಟಿ-ಕ್ಲೋರಿನ್ ಹಾಕೋದು ಮರೀಬೇಡಿ. ನೀರು ಚೆಲ್ಲಿದ್ರೆ ಬ್ಯಾಕ್ಟೀರಿಯಾ ಹೋಗಲ್ವಾ ಅಂದ್ರೆ, ಇಲ್ಲ. ಅವು ಇರೋದು ಫಿಲ್ಟರ್ ಸ್ಪಾಂಜ್, ಜಲ್ಲಿಕಲ್ಲಿನ ಮೇಲೆ. ಸ್ಪಾಂಜನ್ನು ನಲ್ಲಿ ಕೆಳಗೆ ಉಜ್ಜಿ ತೊಳೆದ್ರೆ ಮಾತ್ರ ಕಥೆ ಮೊದಲಿಂದ ಶುರು. ತೀರಾ ಗಲೀಜಾಗಿದ್ರೆ ಟ್ಯಾಂಕಿಂದಲೇ ತೆಗೆದ ನೀರಲ್ಲಿ ಒಮ್ಮೆ ಹಿಂಡಿ ಸಾಕು.

ಇನ್ನೊಂದು ಮದ್ದು ಅಡುಗೆಮನೆಯಲ್ಲೇ ಇದೆ: ಉಪ್ಪು. ಅದರಲ್ಲಿರೋ ಕ್ಲೋರೈಡ್, ಕಿವಿರಿನಲ್ಲಿ ನೈಟ್ರೈಟ್ ಒಳಹೋಗೋದನ್ನು ತಡೆಯುತ್ತೆ. 10 ಲೀಟರಿಗೆ 1 ಗ್ರಾಂ ಸಾಕು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಲ್ಲಿ 56 ಲೀಟರ್ ಹಿಡಿಯುತ್ತೆ, ಅದಕ್ಕೆ ಸುಮಾರು ಒಂದು ಟೀ ಚಮಚ. ಕರಗಿಸಿ ಹಾಕಿ. ನೀರು ಬದಲಿಸಿದಾಗ ತೆಗೆದಷ್ಟು ನೀರಿನ ಲೆಕ್ಕಕ್ಕೆ ಮಾತ್ರ ಮತ್ತೆ ಸೇರಿಸಿ. ಏರ್ ಪಂಪ್ ಓಡ್ತಾ ಇರಲಿ. ಎರಡು ದಿನ ಊಟ ಹಾಕಬೇಡಿ. ಆರೋಗ್ಯವಾಗಿರೋ ದೊಡ್ಡ ಮೀನು ಅಷ್ಟಕ್ಕೆಲ್ಲ ಸಾಯಲ್ಲ. (ಮನೇಲಿ ಅಮ್ಮ ಇದ್ರೆ ಇದೇ ಕಷ್ಟದ ಕೆಲಸ.)

ಬಾಟಲಿಯಲ್ಲಿ ಬರೋ ಬ್ಯಾಕ್ಟೀರಿಯಾಗಿಂತ ನನಗೆ ನಂಬಿಕೆ ಇರೋದು ಹಳೇ ಟ್ಯಾಂಕಿನ ಸ್ಪಾಂಜ್ ಮೇಲೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಗೆಳೆಯರ ಮನೆಯ ಟ್ಯಾಂಕಿಂದ ಒಂದು ತುಂಡು ತಂದು ನಿಮ್ಮ ಫಿಲ್ಟರೊಳಗೆ ಇಡಿ. ದಾರಿಯಲ್ಲಿ ಒಣಗಬಾರದು. ಅಲ್ಲಿನ ಮೀನಿಗೆ ಕಾಯಿಲೆ ಇದ್ರೆ ಅದೂ ಜೊತೆಗೇ ಬರುತ್ತೆ, ಕೇಳಿಕೊಂಡೇ ತನ್ನಿ.

ಅಮೋನಿಯಾ, ನೈಟ್ರೈಟ್ ಎರಡೂ ಒಂದು ವಾರ ಸೊನ್ನೆಯಲ್ಲೇ ನಿಲ್ಲೋ ತನಕ ಹೊಸ ಮೀನು ತರಬೇಡಿ. ಆಮೇಲೂ ಒಂದು ಸಲಕ್ಕೆ ಒಂದೋ ಎರಡೋ.