ಕೆಲಸದಿಂದ ನಿವೃತ್ತಿ, ಕನ್ನಡಿಯಿಂದಲ್ಲ

60 ತುಂಬಿ ನೌಕರಿಯಿಂದ ಬಿಡುಗಡೆ ಸಿಕ್ಕಿದ ಕೆಲವೇ ತಿಂಗಳಲ್ಲಿ ಗಂಡಸರಲ್ಲಿ ಒಂದು ಬದಲಾವಣೆ ಕಾಣಿಸಿಕೊಳ್ಳುತ್ತದೆ. ನಿಮ್ಮ ಮನೆಯಲ್ಲೂ ಅದನ್ನು ಕಂಡಿರಬಹುದು. ಮೂವತ್ತು ವರ್ಷ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತವರು ಈಗ ವಾರಕ್ಕೊಮ್ಮೆ, ಅದೂ ಜುಮಾ ಇದೆಯೆಂಬ ಕಾರಣಕ್ಕೆ, ಮುಖಕ್ಕೆ ಬ್ಲೇಡ್ ತಾಗಿಸುತ್ತಾರೆ. ಬನಿಯನ್ ಮತ್ತು ಲುಂಗಿ ಇಡೀ ದಿನದ ಉಡುಪಾಗುತ್ತದೆ. ಕಿವಿಯ ಮೇಲೆ ಕೂದಲು ಗುಂಗುರಾಗಿ ಇಳಿಬಿದ್ದರೂ ಕ್ಷೌರದಂಗಡಿಯ ನೆನಪಾಗುವುದಿಲ್ಲ. ಹೆಂಡತಿ ಒಂದು ಮಾತು ಹೇಳಿದರೆ, "ಇನ್ನು ಯಾರಿಗೆ ತೋರಿಸಬೇಕು?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳಿದವರಲ್ಲಿ, ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟವರಲ್ಲಿ ಇದೇ ಕಥೆ. ಅವರಿಗೆ ನಿವೃತ್ತಿಯ ತಾರೀಕು ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

"ಯಾರಿಗೆ ತೋರಿಸಬೇಕು" ಎಂಬ ಪ್ರಶ್ನೆಯೇ ತಪ್ಪು ಎಂಬುದು ನನ್ನ ಅಭಿಪ್ರಾಯ. 40ರ ಹರೆಯದಲ್ಲಿ ಒಂದು ವಾರ ಮುಖ ನೋಡಿಕೊಳ್ಳದಿದ್ದರೆ ಹೆಚ್ಚೇನೂ ಆಗುವುದಿಲ್ಲ. 65ರಲ್ಲಿ ಚರ್ಮ ಬೇರೆ, ರಕ್ತ ಬೇರೆ, ಕೈಯ ಹಿಡಿತ ಬೇರೆ. ಕೆಲಸದಲ್ಲಿದ್ದಾಗ ಅಲಂಕಾರವಾಗಿದ್ದದ್ದು ನಿವೃತ್ತಿಯ ನಂತರ ಆರೋಗ್ಯದ ಆರೈಕೆಯಾಗಿ ಬದಲಾಗುತ್ತದೆ. ಅದನ್ನು ಬಿಡುವ ವಯಸ್ಸಿನಲ್ಲೇ ಅದರ ಅಗತ್ಯ ಹೆಚ್ಚು.

ಮೊದಲು ಗಡ್ಡದ ಮಾತು. ನಮ್ಮಲ್ಲಿ ನಿವೃತ್ತಿಯ ನಂತರ, ಅಥವಾ ಹಜ್ ಮುಗಿಸಿ ಬಂದ ನಂತರ ಗಡ್ಡ ಬಿಡುವವರು ಬಹಳ. ಸಂತೋಷದ ವಿಷಯ. ಆದರೆ ಗಡ್ಡ ಬಿಡುವುದೆಂದರೆ ಗಡ್ಡವನ್ನು ಅದರ ಪಾಡಿಗೆ ಬಿಟ್ಟುಬಿಡುವುದಲ್ಲ. ತಲೆಗೂದಲು, ಗಡ್ಡ ಕೆದರಿಕೊಂಡು ಮಸೀದಿಗೆ ಬಂದ ಒಬ್ಬರಿಗೆ, ಹೊರಗೆ ಹೋಗಿ ಸರಿಪಡಿಸಿಕೊಂಡು ಬರುವಂತೆ ಪ್ರವಾದಿ(ಸ)ಯವರು ಕೈಸನ್ನೆ ಮಾಡಿದ್ದನ್ನು ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ ಉಲ್ಲೇಖಿಸಲಾಗಿದೆ. ಗಡ್ಡ ಎಷ್ಟು ಉದ್ದವಿರಬೇಕು ಎಂಬುದನ್ನು ಉಲಮಾಗಳು ಹೇಳಲಿ. ಅದರ ಬುಡದಲ್ಲಿರುವ ಚರ್ಮದ ಬಗ್ಗೆ ಮಾತ್ರ ನಾನು ಹೇಳಬಲ್ಲೆ.

ದಿನಕ್ಕೆ ಐದು ಬಾರಿ ವುಝೂ ಮಾಡುವವರ ಗಡ್ಡ ಐದು ಬಾರಿ ಒದ್ದೆಯಾಗುತ್ತದೆ. ಅದು ಒಳ್ಳೆಯದೇ, ಧೂಳು ಹೋಗುತ್ತದೆ. ಆದರೆ ನೀರು ಮೇಲಿನ ಕೂದಲನ್ನಷ್ಟೇ ಸವರಿ ಹೋದರೆ, ಬುಡದಲ್ಲಿ ಸತ್ತ ಚರ್ಮ ಪದರವಾಗಿ ಉಳಿಯುತ್ತದೆ. ಮೂಗಿನ ಇಕ್ಕೆಲ, ಹುಬ್ಬು ಮತ್ತು ಗಡ್ಡದ ಬುಡದಲ್ಲಿ ಹಳದಿ ಮಿಶ್ರಿತ ಬಿಳಿ ಹೊಟ್ಟು, ತುರಿಕೆ, ಕೆಂಪು ಕಾಣಿಸಿದರೆ ಅದು ಬರೀ ಒಣಚರ್ಮವಲ್ಲ, ತಲೆಹೊಟ್ಟಿನ ಜಾತಿಗೆ ಸೇರಿದ ಕಾಯಿಲೆ. ಇಲ್ಲಿ ಹೆಚ್ಚಿನವರು ಮಾಡುವ ಕೆಲಸವೆಂದರೆ ಎಣ್ಣೆ ತಿಕ್ಕುವುದು. ಎಣ್ಣೆ ಆ ಹೊಟ್ಟಿಗೆ ಕಾರಣವಾದ ಶಿಲೀಂಧ್ರಕ್ಕೆ ಆಹಾರ. ಎಣ್ಣೆ ನಿಲ್ಲಿಸಿ, ಕಿಟೋಕೊನಝೋಲ್ ಇರುವ ಶಾಂಪೂವನ್ನು ವಾರಕ್ಕೆ ಎರಡು ಬಾರಿ ಗಡ್ಡದ ಬುಡಕ್ಕೆ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಮೂರ್ನಾಲ್ಕು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ. ಯುನಾನಿ ವೈದ್ಯ ಶಾಂಪೂವಿನ ಹೆಸರು ಹೇಳುತ್ತಾನಲ್ಲ ಎಂದು ಆಶ್ಚರ್ಯಪಡಬೇಡಿ. ಗುಣವಾಗುವುದು ಮುಖ್ಯ.

ಹೊಟ್ಟು ಇಲ್ಲದೆ ಬರೀ ಒಣಗಿದ ಚರ್ಮವಾದರೆ ಮಾತು ಬೇರೆ. ವೃದ್ಧಾಪ್ಯದ ಮಿಝಾಜ್ ಶೀತ ಮತ್ತು ಶುಷ್ಕ ಎಂಬುದು ಯುನಾನಿಯ ಮೂಲ ಪಾಠಗಳಲ್ಲೊಂದು. ವಯಸ್ಸಾದಂತೆ ಚರ್ಮದ ಎಣ್ಣೆ ಗ್ರಂಥಿಗಳು ಬತ್ತುತ್ತವೆ, ಚರ್ಮ ತೆಳುವಾಗುತ್ತದೆ ಎಂದು ಇಂದಿನ ವೈದ್ಯಶಾಸ್ತ್ರವೂ ಹೇಳುತ್ತದೆ. ಸುಮಾರು ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್'ನಲ್ಲಿ ವೃದ್ಧರ ದಿನಚರಿಗೆಂದೇ ಪ್ರತ್ಯೇಕ ಭಾಗ ಮೀಸಲಿಟ್ಟರು. ಅದರಲ್ಲಿ ಹದವಾದ ದಲ್ಕ್, ಅಂದರೆ ಎಣ್ಣೆಯ ಮಾಲೀಶಿಗೆ ಜಾಗವಿದೆ. ಸ್ನಾನದ ನಂತರ, ಮೈ ಇನ್ನೂ ತೇವವಿರುವಾಗಲೇ ಬಾದಾಮಿ ಎಣ್ಣೆಯನ್ನೋ ಮನೆಯ ಕೊಬ್ಬರಿ ಎಣ್ಣೆಯನ್ನೋ ನಾಲ್ಕು ಹನಿ ಅಂಗೈಗೆ ಹಾಕಿ ಮುಖ, ಕುತ್ತಿಗೆ, ಮೊಣಕಾಲಿನ ಕೆಳಭಾಗಕ್ಕೆ ಸವರಿದರೆ ಸಾಕು. ಪಾದದಡಿಗೆ ಮಾತ್ರ ಬೇಡ, ಬಚ್ಚಲಲ್ಲಿ ಜಾರುತ್ತದೆ.

ಇನ್ನು ಕ್ಷೌರ ಮಾಡಿಕೊಳ್ಳುವವರಿಗೆ. ದಿನಾ ಮಾಡಲೇಬೇಕೆಂದಿಲ್ಲ, ದಿನ ಬಿಟ್ಟು ದಿನ ಸಾಕು. ಆದರೆ ಎಂಟು ದಿನ ಬಿಟ್ಟು ಒರಟಾದ ಬಿಳಿ ಕೂದಲನ್ನು ಹಳೆಯ ಬ್ಲೇಡಿನಲ್ಲಿ ಕೆರೆಯುವುದಕ್ಕಿಂತ ಕೆಟ್ಟದ್ದಿಲ್ಲ. ಸ್ನಾನದ ನಂತರ ಮಾಡಿ, ಬಿಸಿನೀರಿಗೆ ಕೂದಲು ಮೆತ್ತಗಾಗಿರುತ್ತದೆ. ಕೆನ್ನೆ ಜೋತುಬಿದ್ದಿರುವುದರಿಂದ ಒಂದು ಕೈಯಲ್ಲಿ ಚರ್ಮವನ್ನು ಮೆಲ್ಲಗೆ ಎಳೆದು ಹಿಡಿದು, ಕೂದಲು ಬೆಳೆದ ದಿಕ್ಕಿನಲ್ಲೇ ರೇಝರ್ ಓಡಿಸಿ. ಉಲ್ಟಾ ಎಳೆಯುವ ಯೌವನದ ಅಭ್ಯಾಸ ಬಿಡಿ.

ಹೃದಯದ ತೊಂದರೆಗೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್‌ನಂತಹ ಮಾತ್ರೆ ತೆಗೆದುಕೊಳ್ಳುವವರಿಗೆ ನಾನು ರೇಝರ್ ಬಿಟ್ಟು ಟ್ರಿಮ್ಮರ್ ಹಿಡಿಯಿರಿ ಎನ್ನುತ್ತೇನೆ. ಇವು ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಮಾತ್ರೆಗಳು. ಸಣ್ಣ ಗೀರಾದರೂ ರಕ್ತ ಬೇಗ ನಿಲ್ಲುವುದಿಲ್ಲ. ಗೀರಾಯಿತೆಂದು ಹೆದರಿ ಮಾತ್ರೆಯನ್ನೇ ನಿಲ್ಲಿಸಿದವರನ್ನು ನಾನು ದವಾಖಾನೆಯಲ್ಲಿ ಕಂಡಿದ್ದೇನೆ. ಅದು ಇನ್ನೂ ದೊಡ್ಡ ಅಪಾಯ. ಗಾಯದ ಮೇಲೆ ಸ್ವಚ್ಛ ಬಟ್ಟೆ ಇಟ್ಟು ಹತ್ತು ನಿಮಿಷ ತೆಗೆಯದೆ ಒತ್ತಿ ಹಿಡಿಯಿರಿ. ಪಟಿಕದ ಕಲ್ಲನ್ನೂ ಬಳಸಬಹುದು. ನಮ್ಮ ಗ್ರಂಥಗಳಲ್ಲಿ ಶಿಬ್ಬೆ ಯಮಾನಿ ಎಂದು ಕರೆಯುವ ಈ ಫಿಟ್ಕರಿ ರಕ್ತನಾಳವನ್ನು ಸಂಕುಚಿಸುವ ಒಳ್ಳೆಯ ವಸ್ತು.

ಆದರೆ ಅದು ನಿಮ್ಮದೇ ಕಲ್ಲಾಗಿರಬೇಕು. ಕ್ಷೌರದಂಗಡಿಯಲ್ಲಿ ಈಗ ಹೊಸ ಬ್ಲೇಡ್ ಹಾಕುವುದು ರೂಢಿಯಾಗಿದೆ, ನಮ್ಮ ಕಣ್ಣು ಅಲ್ಲಿಗೇ ನಿಲ್ಲುತ್ತದೆ. ಬೆಳಿಗ್ಗೆಯಿಂದ ಹತ್ತು ಜನರ ಗೀರಿಗೆ ಉಜ್ಜಿದ ಅದೇ ಫಿಟ್ಕರಿಯನ್ನು ಹನ್ನೊಂದನೆಯವರ ಗೀರಿಗೆ ಉಜ್ಜುವುದನ್ನು ಯಾರೂ ಪ್ರಶ್ನಿಸುವುದಿಲ್ಲ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಏಳು ದಿನ ಜೀವಂತವಿರಬಲ್ಲದು. ಬ್ರಶ್, ಟವೆಲ್ ಮತ್ತು ಒಂದು ತುಂಡು ಫಿಟ್ಕರಿ, ಇವನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಲು ನಾಚಿಕೆ ಏಕೆ?

ಅದೇ ಅಂಗಡಿಯ ಇನ್ನೊಂದು ಅಭ್ಯಾಸದ ಬಗ್ಗೆ ನನಗೆ ಸಿಟ್ಟೇ ಇದೆ. ಕ್ಷೌರ ಮುಗಿದ ಮೇಲೆ ತಲೆ ತಟ್ಟಿ, ಗದ್ದ ಹಿಡಿದು, ಕತ್ತನ್ನು ಆ ಕಡೆ ಈ ಕಡೆ ಲಟಕ್ಕನೆ ತಿರುಗಿಸುವುದು. ನಮ್ಮ ಹಿರಿಯರಿಗೆ ಇದು ಬಲು ಇಷ್ಟ, ಹಣ ಹೆಚ್ಚು ಕೊಟ್ಟು ಮಾಡಿಸಿಕೊಳ್ಳುತ್ತಾರೆ. ಕತ್ತಿನ ಮೂಳೆಗಳ ನಡುವೆ ಮೆದುಳಿಗೆ ರಕ್ತ ಒಯ್ಯುವ ನಾಳಗಳಿವೆ. ಹಠಾತ್ತನೆ ತಿರುಚಿದಾಗ ನಾಳದ ಒಳಪದರ ಹರಿದು ಲಕ್ವ ಹೊಡೆಯಬಹುದು. ಅಪರೂಪ ನಿಜ, ಆದರೆ ಆದರೆ ಹಿಂದಿರುಗುವ ದಾರಿಯಿಲ್ಲ. ಕತ್ತಿನ ಸವೆತ, ಬಿ.ಪಿ. ಇರುವವರಂತೂ ಕುರ್ಚಿಯಲ್ಲಿ ಕೂರುವ ಮೊದಲೇ "ಕತ್ತು ಮುಟ್ಟಬೇಡಪ್ಪಾ" ಎಂದುಬಿಡಿ. ಹಾಗಂತ ಕ್ಷೌರದವರನ್ನು ದೂರುತ್ತಿಲ್ಲ. ನಮ್ಮ ಕಣ್ಣಿಗೆ ಕಾಣದ ಜಾಗವನ್ನು ಅವರು ನೋಡುತ್ತಾರೆ. ಕಿವಿಯ ಹಿಂದೆ ಅಥವಾ ಕುತ್ತಿಗೆಯಲ್ಲಿ ಗಂಟು, ಪ್ರತಿ ಸಲ ಬ್ಲೇಡ್ ತಾಗಿದಾಗ ಒಂದೇ ಜಾಗದಲ್ಲಿ ರಕ್ತ ಬರುವ ಚುಕ್ಕೆ ಕಂಡರೆ ಹೇಳು ಎಂದು ಕೇಳಿಕೊಳ್ಳಿ. ಮೂರ್ನಾಲ್ಕು ವಾರದಲ್ಲಿ ಮಾಯದ ಗಾಯವನ್ನು, ಕರಗದ ಗಂಟನ್ನು ವೈದ್ಯರಿಗೆ ತೋರಿಸಲೇಬೇಕು. ಬೀಡಿ, ತಂಬಾಕಿನ ಅಭ್ಯಾಸ ಇದ್ದವರು ಇನ್ನೂ ಬೇಗ.

ಮೂಗಿನ ಕೂದಲನ್ನು ಕೀಳಬೇಡಿ, ತುದಿ ದುಂಡಗಿರುವ ಕತ್ತರಿಯಲ್ಲಿ ಹೊರಗೆ ಕಾಣುವಷ್ಟನ್ನು ಮಾತ್ರ ಕತ್ತರಿಸಿ. ಕಿವಿಯದ್ದೂ ಹಾಗೆಯೇ.

ಮೆಹಂದಿ ವಿಷಯದಲ್ಲಿ ಮೋಸ ಬಹಳ ನಡೆಯುತ್ತಿದೆ. ಶುದ್ಧ ಮೆಹಂದಿ ಎಲೆಗೆ ಕಪ್ಪು ಬಣ್ಣ ಕೊಡಲು ಸಾಧ್ಯವೇ ಇಲ್ಲ. ಅದು ಕಿತ್ತಳೆ ಕೆಂಪು, ಅದಕ್ಕೂ ಎರಡು ಮೂರು ತಾಸು ಬೇಕು. 'ಕಪ್ಪು ಮೆಹಂದಿ' ಎಂದು ಪೊಟ್ಟಣದಲ್ಲಿ ಬರುವ, ಅರ್ಧ ಗಂಟೆಯಲ್ಲಿ ಕಪ್ಪಾಗಿಸುವ ಪುಡಿಯಲ್ಲಿ ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಇದು ಒಗ್ಗದವರ ಮುಖ ಊದಿ, ಕಣ್ಣು ಮುಚ್ಚಿ, ಗಡ್ಡದ ಬುಡದಿಂದ ನೀರು ಸುರಿಯುತ್ತದೆ. ಹತ್ತು ವರ್ಷ ಹಚ್ಚಿ ಏನೂ ಆಗದವರಿಗೂ ಹನ್ನೊಂದನೆಯ ವರ್ಷ ಆಗಬಹುದು. ಯಾವುದೇ ಬಣ್ಣ ಇರಲಿ, ಮೊದಲು ಮೊಣಕೈಯ ಒಳಭಾಗಕ್ಕೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯಿರಿ. ಸುರ್ಮಾ ಬಗ್ಗೆಯೂ ಕೇಳುತ್ತಾರೆ. ಸಂತೆಯಲ್ಲಿ, ದರ್ಗಾದ ಬಳಿ ಸಿಗುವ ಹೊಳೆಯುವ ಸುರ್ಮಾಗಳಲ್ಲಿ ಸೀಸ ಕಂಡುಬಂದಿರುವುದು ಹಲವೆಡೆಯ ಪರೀಕ್ಷೆಗಳಲ್ಲಿ ಗೊತ್ತಾಗಿದೆ. ಏನು ಬೆರೆಸಿದ್ದಾರೆಂದು ಬರೆಯದ ಸುರ್ಮಾವನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಪೊರೆಯ ಶಸ್ತ್ರಚಿಕಿತ್ಸೆ ಆದ ಕಣ್ಣಿಗಂತೂ ಬೇಡವೇ ಬೇಡ.

ಈಗ ಮನೆಯವರಿಗೆ ನಾಲ್ಕು ಮಾತು. ಈ ಲೇಖನ ಬರೆಯಲು ಕಾರಣವೇ ಇದು. ಅಬ್ಬಾ ಕ್ಷೌರ ಮಾಡಿಕೊಳ್ಳುವುದನ್ನು ನಿಲ್ಲಿಸಿದಾಗ ಮಕ್ಕಳು "ಸೋಮಾರಿಯಾದರು" ಎನ್ನುತ್ತಾರೆ, ಸೊಸೆ ಮೂಗು ಮುರಿಯುತ್ತಾಳೆ, ಹೆಂಡತಿ ಗದರುತ್ತಾಳೆ. ಗದರುವ ಮೊದಲು ಸ್ವಲ್ಪ ನೋಡಿ. ಮುಖದ ಒಂದೇ ಬದಿಯಲ್ಲಿ, ಹೆಚ್ಚಾಗಿ ಎಡಬದಿಯಲ್ಲಿ ಕೂದಲು ಉಳಿಯುತ್ತಿದೆಯೇ? ತಟ್ಟೆಯ ಎಡಗಡೆಯ ಊಟವೂ ಹಾಗೆಯೇ ಉಳಿಯುತ್ತಿದೆಯೇ? ಗೊತ್ತಿಲ್ಲದೆ ಆಗಿಹೋದ ಸಣ್ಣ ಲಕ್ವದ ಲಕ್ಷಣವದು. ಮೆದುಳು ಆ ಬದಿಯನ್ನೇ ಮರೆತಿರುತ್ತದೆ, ಅವರು ಹೇಳಲಾರರು. ಗದ್ದದ ಕೆಳಗೆ ಅಲ್ಲಲ್ಲಿ ಕೂದಲು ಬಿಟ್ಟುಹೋಗುತ್ತಿದ್ದರೆ ಕಣ್ಣಿನ ಪೊರೆ ಇರಬಹುದು. ಕೈ ನಡುಗುತ್ತಿದೆ, ಅಕ್ಷರ ಸಣ್ಣದಾಗಿದೆ, ಹುಬ್ಬು ಗಡ್ಡದಲ್ಲಿ ಎಷ್ಟು ತೊಳೆದರೂ ಹೊಟ್ಟು ಹೋಗುತ್ತಿಲ್ಲವೆಂದರೆ ಪಾರ್ಕಿನ್ಸನ್ ಕಾಯಿಲೆಯ ಸಂಶಯ ಬರಬೇಕು. ಸೋಪು ಹಚ್ಚಿದ ಮೇಲೆ ಮುಂದೇನು ಮಾಡಬೇಕೆಂದು ತೋಚದೆ ನಿಂತರೆ ನೆನಪಿನ ಶಕ್ತಿಯ ಪರೀಕ್ಷೆ ಮಾಡಿಸಿ.

ಇವೆಲ್ಲಕ್ಕಿಂತ ಹೆಚ್ಚು ಕಾಣುವುದು ಮನಸ್ಸಿನ ಕಾಯಿಲೆ. ಯುನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳನ್ನು ಹೇಳುತ್ತೇವೆ. ಅವುಗಳಲ್ಲಿ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯೂ ಒಂದು. ನಿನ್ನೆಯವರೆಗೆ ಹತ್ತು ಜನ "ಸರ್" ಎಂದು ಎದ್ದು ನಿಲ್ಲುತ್ತಿದ್ದ ಮನುಷ್ಯನಿಗೆ ಇಂದು ಹಾಲಿನ ಪ್ಯಾಕೆಟ್ ತರುವ ಕೆಲಸ ಮಾತ್ರ ಉಳಿದರೆ ಆ ಮನಸ್ಸು ಕುಸಿಯುವುದು ಸಹಜ. ಗಂಡಸರು ಅಳುವುದಿಲ್ಲ, ಹೇಳಿಕೊಳ್ಳುವುದೂ ಇಲ್ಲ. ಕ್ಷೌರ ಬಿಡುತ್ತಾರೆ, ಅಂಗಿ ಬದಲಿಸುವುದನ್ನು ಬಿಡುತ್ತಾರೆ, ಆಮೇಲೆ ಜಮಾಅತ್‌ಗೆ ಹೋಗುವುದನ್ನೂ ಬಿಟ್ಟು ಮನೆಯಲ್ಲೇ ನಮಾಝ್ ಮುಗಿಸುತ್ತಾರೆ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಹಸಿವು, ಮಾತು ಕಡಿಮೆಯಾಗಿ ಜೊತೆಗೆ ಇದೂ ಇದ್ದರೆ ಖಿನ್ನತೆಗೆ ಚಿಕಿತ್ಸೆ ಬೇಕು. ಈಮಾನ್ ಕಡಿಮೆಯಾಯಿತೆಂದು ಉಪದೇಶ ಮಾಡಲು ಹೋಗಬೇಡಿ. ಒಳ್ಳೆಯ ಟ್ರಿಮ್ಮರ್ ತಂದುಕೊಡಿ, ಕನ್ನಡಿಯ ಬಳಿ ಬಿಳಿ ಬೆಳಕು ಹಾಕಿಸಿ, ಕೂತು ಮಾಡಿಕೊಳ್ಳಲು ಒಂದು ಸ್ಟೂಲ್ ಇಡಿ, ವೈದ್ಯರ ಬಳಿ ನೀವೂ ಜೊತೆಗೆ ಹೋಗಿ.

ಉಗುರು ಮತ್ತು ಮರೆಯ ಕೂದಲಿನ ವಿಷಯ ಸಂಕೋಚದ್ದು, ಹಾಗಾಗಿ ಯಾರೂ ಬರೆಯುವುದಿಲ್ಲ. ಮೀಸೆ ಕತ್ತರಿಸುವುದು, ಉಗುರು ತೆಗೆಯುವುದು, ಕಂಕುಳು ಹಾಗೂ ಹೊಕ್ಕುಳ ಕೆಳಗಿನ ಕೂದಲು ತೆಗೆಯುವುದು 40 ದಿನ ಮೀರಬಾರದೆಂದು ಅನಸ್(ರ) ಉಲ್ಲೇಖಿಸಿದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಇದು ನಮಗೆಲ್ಲ ಗೊತ್ತು. ಆದರೆ ಬೊಜ್ಜು ಬಂದ, ಸೊಂಟ ಬಾಗದ 70ರ ಹಿರಿಯರಿಗೆ ಕಾಲಿನ ಬೆರಳು ಎಟುಕುವುದಿಲ್ಲ, ಕೆಳಗಿನದ್ದು ಕಾಣುವುದೇ ಇಲ್ಲ. ಕಾಲಿನ ಉಗುರನ್ನು ಸ್ನಾನವಾದ ಮೇಲೆ, ಮೂಲೆ ಅಗೆಯದೆ ನೇರವಾಗಿ ಕತ್ತರಿಸಬೇಕು. ಮಧುಮೇಹದಿಂದ ಪಾದ ಜೋಮು ಹಿಡಿದವರು ತಾವೇ ಕತ್ತರಿಸಬಾರದು, ಕಣ್ಣು ಸರಿಯಿರುವ ಮಗನೋ ಮಗಳೋ ಕತ್ತರಿಸಲಿ. ಉಗುರು ಬಹಳ ದಪ್ಪವಾಗಿದ್ದರೆ ಆಸ್ಪತ್ರೆಯಲ್ಲೇ ಮಾಡಿಸಿ. ಮರೆಯ ಭಾಗಕ್ಕೆ ರೇಝರ್ ಹಿಡಿಯುವುದನ್ನು ಈ ವಯಸ್ಸಿನಲ್ಲಿ ನಾನು ಒಪ್ಪುವುದಿಲ್ಲ. ಟ್ರಿಮ್ಮರ್‌ನಲ್ಲಿ ಗಿಡ್ಡ ಮಾಡಿದರೆ ಶುಚಿತ್ವಕ್ಕೆ ಸಾಕು, ಅದಕ್ಕೆ ಮುಖದ ಟ್ರಿಮ್ಮರ್ ಬೇಡ, ಬೇರೆಯದೇ ಇರಲಿ. ಕೂದಲು ತೆಗೆಯುವ ಕ್ರೀಮು ಅಲ್ಲಿನ ತೆಳು ಚರ್ಮವನ್ನು ಸುಡುತ್ತದೆ. ಮಧುಮೇಹಿಗಳಲ್ಲಿ ಆ ಭಾಗದ ಒಂದು ಸಣ್ಣ ಗೀರಿಗೆ ಸೋಂಕು ತಗುಲಿ ಗಂಟೆಗಳ ಲೆಕ್ಕದಲ್ಲಿ ಹರಡುವುದುಂಟು. ಜ್ವರ, ಊತ, ಮುಟ್ಟಲಾಗದ ನೋವು, ಚರ್ಮ ಕಪ್ಪಾಗುವುದು ಕಂಡರೆ ಬೆಳಗಾಗಲೆಂದು ಕಾಯಬೇಡಿ, ಆ ರಾತ್ರಿಯೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ. ನಾಚಿಕೆಯಿಂದ ಮೂರು ದಿನ ಹೆಂಡತಿಗೂ ಹೇಳದೆ ಮುಲಾಮು ಹಚ್ಚುತ್ತಾ ಕೂರುವವರೇ ಹೆಚ್ಚು.