ಇನ್ಸುಲಿನ್ನಿಗೆ ದೇಶದಲ್ಲೆಲ್ಲ ಒಂದೇ ಅಳತೆಯಿರಲಿ

ಬೆಂಗಳೂರಿನ ಜಯನಗರದಲ್ಲಾಗಲಿ ಬನಶಂಕರಿಯಲ್ಲಾಗಲಿ ಯಾವುದೇ ಔಷಧದಂಗಡಿಯ ಫ್ರಿಜ್ಜಿನಲ್ಲಿ ನೋಡಿದರೂ, ಇನ್ಸುಲಿನ್ ಎರಡು ಸಾಂದ್ರತೆಗಳಲ್ಲಿ ಅಕ್ಕಪಕ್ಕದಲ್ಲೇ ಇರುತ್ತದೆ: ಅಗ್ಗದ ಸೀಸೆಗಳಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಜ್ಜುಗಳಲ್ಲಿಯೂ ಕೆಲವು ದುಬಾರಿ ಸೀಸೆಗಳಲ್ಲಿಯೂ 100 ಯೂನಿಟ್. ಸಿರಿಂಜುಗಳೂ ಎರಡು ಬಗೆ. 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ್ದು. ಸಕ್ಕರೆ ಕಾಯಿಲೆಯಿಂದಲೇ ದೃಷ್ಟಿ ಮಂದವಾದ ವೃದ್ಧರೊಬ್ಬರು 100ರ ಔಷಧವನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದುಕೊಂಡರೆ, ಮೈಗೆ ಸೇರುವುದು 20 ಅಲ್ಲ, 50 ಯೂನಿಟ್. ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಲು ಅಷ್ಟು ಸಾಕು. ಇದರ ವಿಪರ್ಯಯದಲ್ಲಿ, ಎಂದರೆ 40ರ ಔಷಧವನ್ನು ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ ಅದೇ ಗೆರೆಯವರೆಗೆ ಎಳೆದುಕೊಂಡರೆ, ದೊರೆಯುವುದು 8 ಯೂನಿಟ್ ಮಾತ್ರ.

ಇನ್ಸುಲಿನ್ 51 ಅಮೈನೋ ಆಮ್ಲಗಳ ಪ್ರೋಟೀನು; ಬಾಯಿಂದ ಸೇವಿಸಿದರೆ ಊಟದ ಬೇಳೆಯಂತೆಯೇ ಜೀರ್ಣವಾಗಿಬಿಡುವುದರಿಂದ ಅದಕ್ಕೆ ಸೂಜಿಯೇ ಗತಿ. ಅದು ಕೆಡದಂತೆ ಸತುವಿನ ನೆರವಿನಿಂದ ಆರಾರು ಅಣುಗಳನ್ನು ಒಂದಾಗಿ ಹಿಡಿದಿಡುವುದು, ಸೂಕ್ಷ್ಮಜೀವಿಗಳು ಬೆಳೆಯದಂತೆ ಮೆಟಾಕ್ರೆಸಾಲ್ ಬೆರೆಸುವುದು, ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ, ಆದರೆ ಹೆಪ್ಪುಗಟ್ಟದಂತೆ, ಕಾಪಾಡುವುದು, ಇವೆಲ್ಲವೂ ದಶಕಗಳ ಪರಿಶ್ರಮದ ಫಲ. 1978ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಯೋಕಾನ್ ಸಂಸ್ಥೆಯು ಪಿಕಿಯಾ ಎಂಬ ಯೀಸ್ಟಿನಿಂದ ಮಾನವ ಇನ್ಸುಲಿನ್ ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ತಂದುದು ಈ ಊರಿಗೆ ಹೆಮ್ಮೆಯ ಸಂಗತಿಯೇ. ಆದರೆ ಇಷ್ಟೆಲ್ಲ ವಿಜ್ಞಾನದ ಸಾರ್ಥಕ್ಯವು ಕಟ್ಟಕಡೆಗೆ ಸಿರಿಂಜಿನ ಮೇಲಿನ ಒಂದು ಗೆರೆಯನ್ನು ಅವಲಂಬಿಸಿರುವಾಗ, ಆ ಗೆರೆಗೆ ಎರಡು ಅರ್ಥಗಳಿರುವುದು ಅನುಚಿತ.

40ರ ಸೀಸೆ ಬಡವರ ಕೈಗೆಟಕುತ್ತದೆ, ಸಣ್ಣ ಪ್ರಮಾಣವನ್ನು ಅದರಲ್ಲಿ ಅಳೆಯುವುದು ಸುಲಭ ಎಂಬ ವಾದ ಅಲ್ಲಗಳೆಯತಕ್ಕದ್ದಲ್ಲ. ಆದರೂ ಬೆಲೆಯನ್ನು ಯೂನಿಟ್ಟಿನ ಲೆಕ್ಕದಲ್ಲಿ ಸರಕಾರವೇ ನಿಗದಿಪಡಿಸಬಹುದು. ಸಣ್ಣ ಪ್ರಮಾಣಕ್ಕೆ ಅರ್ಧ ಯೂನಿಟ್ಟಿನ ಗೆರೆಗಳುಳ್ಳ ಸಪುರವಾದ 100ರ ಸಿರಿಂಜುಗಳು ಇದ್ದೇ ಇವೆ. ಇಂಥ ಬದಲಾವಣೆ ಹೊಸದೇನಲ್ಲ: ಬ್ರಿಟನ್ 1983ರಲ್ಲಿ ಹಳೆಯ ಸಾಂದ್ರತೆಗಳನ್ನು ಬಿಟ್ಟು 100ಕ್ಕೆ ಬದಲಾಯಿಸಿಕೊಂಡಿತು. ಒಂದು ರಾಜ್ಯ ಮುಂದಾಗಿ ಇನ್ನೊಂದು ಹಿಂದುಳಿದರೆ ಗೊಂದಲ ಇಮ್ಮಡಿಯಾಗುವುದಾದುದರಿಂದ, ಕೇಂದ್ರ ಸರಕಾರವು ಮುಂಚಿತವಾಗಿ ಒಂದು ದಿನಾಂಕವನ್ನು ಸಾರಿ, ಅಂದಿನಿಂದ 40ರ ಸೀಸೆಯನ್ನೂ ಅದರ ಸಿರಿಂಜನ್ನೂ ಒಟ್ಟಿಗೇ ಹಿಂತೆಗೆಯಬೇಕು. ಅಲ್ಲಿಯವರೆಗೆ ಅಂಗಡಿಯವರು ಸೀಸೆಯನ್ನು ಅದಕ್ಕೆ ತಕ್ಕ ಸಿರಿಂಜಿನೊಡನೆಯೇ ಕೊಡಲಿ. ಕೊಳ್ಳುವವರು ಸೀಸೆಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ತಾಳೆ ನೋಡಿಯೇ ಹಣ ಕೊಡಲಿ.