ಸಾಮಾನ್ಯನಿಗೊಂದು ಕಹಳೆ

ಯಲಹಂಕ, ಹೆಬ್ಬಾಳಗಳ ಕಡೆ ಗ್ರಾಮದೇವತೆಯ ಉತ್ಸವ ಹೊರಟಿತೆಂದರೆ, ಮೂರ್ತಿಗಿಂತ ಮುಂಚೆ ತಮಟೆಯ ಪೆಟ್ಟು ನಮ್ಮ ಬಾಗಿಲಿಗೆ ಬರುತ್ತದೆ. ತಾಯಿ ಬರುತ್ತಿದ್ದಾಳೆ, ದಾರಿ ಬಿಡಿರಿ ಎಂಬುದೇ ಆ ನಾದದ ಅರ್ಥ. ಕೊಂಬು, ಕಹಳೆ, ಭೇರಿಗಳಿಗೆ ಹಿಂದಿನಿಂದಲೂ ಒದಗಿದ ಕೆಲಸ ಇದೇ: ದೊಡ್ಡವರ ಬರವನ್ನು ಸಾರುವುದು.

ಮೈಸೂರಿನ ಅರಮನೆಯಲ್ಲಿ ಕರ್ಣಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎಂಬ ಎರಡು ಮೇಳಗಳಿದ್ದವು. ಆಸ್ಥಾನಕವಿ ಬಸವಪ್ಪ ಶಾಸ್ತ್ರಿಗಳು (1843–1891) ರಚಿಸಿದ ‘ಕಾಯೌ ಶ್ರೀ ಗೌರಿ’ ಸಂಸ್ಥಾನದ ಗೀತೆಯಾಗಿತ್ತು. ಅದರಲ್ಲಿ ಪ್ರಾರ್ಥನೆ ದೇವಿಗೆ, ರಕ್ಷೆ ದೊರೆಗೆ. ಹಾಗಾದರೆ ದೇವರೂ ಅಲ್ಲದ, ದೊರೆಯೂ ಅಲ್ಲದ ಮನುಷ್ಯನಿಗಾಗಿ ಕಹಳೆ ಮೊಳಗುವುದು ಉಂಟೆ?

ಉಂಟು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಅಮೆರಿಕದ ಸಿನ್ಸಿನಾಟಿ ನಗರದ ವಾದ್ಯವೃಂದದ ನಿರ್ದೇಶಕ ಯೂಜೀನ್ ಗೂಸೆನ್ಸರು, ಕಛೇರಿಯ ಮೊದಲಲ್ಲಿ ನುಡಿಸುವುದಕ್ಕೆ ಹುರುಪಿನ ಕಹಳೆವಾದನಗಳನ್ನು ಬರೆದುಕೊಡಿರೆಂದು ಹಲವು ಸಂಗೀತಕಾರರನ್ನು ಬೇಡಿದರು. ಹದಿನೆಂಟು ಕೃತಿಗಳು ಬಂದವು. ಕೆಲವರು ಸೈನಿಕರಿಗೆ, ಕೆಲವರು ವಿಮಾನಭಟರಿಗೆ, ಕೆಲವರು ಮಿತ್ರರಾಷ್ಟ್ರಗಳಿಗೆ ತಮ್ಮ ಕೃತಿಯನ್ನು ಅರ್ಪಿಸಿದರು. ಆರನ್ ಕೋಪ್ಲೆಂಡರು (1900–1990) ಮಾತ್ರ ‘ಸಾಮಾನ್ಯ ಮನುಷ್ಯನಿಗೆ’ ಎಂದು ಹೆಸರಿಟ್ಟರು. ಸಾಮಾನ್ಯನನ್ನು ಗೌರವಿಸುವುದಕ್ಕೆ ಆದಾಯ ತೆರಿಗೆ ಕಟ್ಟುವ ಕಾಲವೇ ತಕ್ಕದ್ದೆಂದು ಗೂಸೆನ್ಸರು 1943ರ ಮಾರ್ಚಿ 12ರಂದು ಅದನ್ನು ನುಡಿಸಿದರು. ಈ ವಿನೋದದ ರುಚಿ ಸಂಸಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೃತಿ ಸುಮಾರು ಮೂರು ನಿಮಿಷದ್ದು. ತಂತಿವಾದ್ಯವಿಲ್ಲ, ಕೊಳಲಿಲ್ಲ, ಮಾತಿಲ್ಲ. ಮೊದಲು ದೊಡ್ಡ ನಗಾರಿ, ಭೇರಿ, ಜಾಗಟೆಗಳ ಗಂಭೀರವಾದ ಪೆಟ್ಟು. ಬಳಿಕ ಮೂರು ಟ್ರಂಪೆಟ್ಟುಗಳು ಒಂದೇ ಸ್ವರದಲ್ಲಿ ಮೇಲೇರುತ್ತವೆ. ಆಮೇಲೆ ಹಾರ್ನುಗಳು ಜೊತೆಗೂಡುತ್ತವೆ. ಕಡೆಗೆ ಟ್ರಾಂಬೋನ್, ಟ್ಯೂಬಾಗಳು ಸೇರಿ ನಾದ ತುಂಬಿಬರುತ್ತದೆ. ಆತುರವೂ ಇಲ್ಲ, ಆಡಂಬರವೂ ಇಲ್ಲ. ಕೋಪ್ಲೆಂಡರು ಇದನ್ನೇ 1946ರಲ್ಲಿ ತಮ್ಮ ಮೂರನೆಯ ಸಿಂಫನಿಯ ಕೊನೆಯ ಭಾಗಕ್ಕೆ ಅಳವಡಿಸಿದರು.

ಅರಸೊತ್ತಿಗೆ ಹೋಯಿತು. ಅರಮನೆಯ ಬ್ಯಾಂಡಿನ ಪರಂಪರೆ ಇಂದು ಕರ್ನಾಟಕ ಪೊಲೀಸ್ ಬ್ಯಾಂಡಿನಲ್ಲಿ ಉಳಿದಿದೆ, ಕೇಳುವವರು ಪ್ರಜೆಗಳು. ಆದರೆ ನಮ್ಮ ಮದುವೆಯ ಚಪ್ಪರದಲ್ಲಿ, ಊರ ಜಾತ್ರೆಯಲ್ಲಿ, ಬಿಸಿಲಿನಲ್ಲಿ ನಿಂತು ತಮಟೆ ಬಡಿದವನಿಗೆ ಎಲೆ ಹಾಕುವುದು ಎಷ್ಟನೆಯ ಪಂಕ್ತಿಯಲ್ಲಿ? ಎಲ್ಲರ ಬರವನ್ನೂ ಸಾರಿದವನು ಬಂದನೆಂದು ಸಾರುವವರು ಯಾರು? ದೂರದ ಸಂಗೀತಗಾರನೊಬ್ಬನು ಸಾಮಾನ್ಯನಿಗೆ ಸಲ್ಲಿಸಿದ ಮರ್ಯಾದೆಯನ್ನು ನಾವು ಮೆಚ್ಚುವುದಾದರೆ, ಅದನ್ನು ನಮ್ಮ ಮನೆಯ ಊಟದ ಸಾಲಿನಿಂದಲೇ ಮೊದಲುಮಾಡಬಹುದು. ಅದಕ್ಕೆ ಬ್ಯಾಂಡು ಬೇಕಾಗಿಲ್ಲ. ‘ಬನ್ನಿ, ಮೊದಲು ನೀವು ಕುಳಿತುಕೊಳ್ಳಿ’ ಎಂಬ ಮಾತು ಸಾಕು.